ಅರ್ಧ ಕೆರೆ ತೋಡಿದೆವು, ಅರ್ಧ ಬಿಟ್ಟೆವು

ನಮ್ಮ ತೋಟದ ಮೇಲ್ಬದಿಗೆ ಒಂದು ಕೆರೆ ಇದೆ. ಶಿರಸಿ ಕಡೆಯ ಹಳ್ಳಿಗಳಲ್ಲಿ ತೋಟದ ತಲೆಗೊಂದು ಇರುತ್ತದಲ್ಲ, ಅಂಥದ್ದೇ. ಒಂದು ಬದಿ ಸೊಪ್ಪಿನ ಬೆಟ್ಟ, ಎದುರು ಬದಿ ಮಣ್ಣಿನ ಏರಿ, ಏರಿಯ ಕೆಳಗೆ ಅಡಿಕೆ. ಅಳತೆಯಲ್ಲಿ ಹತ್ತು ಗುಂಟೆ. ಕಣ್ಣಿಗೆ ಕಾಣುವ ನೀರು ಮಾತ್ರ ಅದರ ಅರ್ಧವೂ ಇರಲಿಲ್ಲ. ಉಳಿದದ್ದು ಜೊಂಡು, ಹುಲ್ಲು, ಮುಂಡಿಗೆ ಪೊದೆ. ಮಳೆಗಾಲದಲ್ಲಿ ಕೋಡಿ ಬಿದ್ದು ಹರಿಯುವ ಕೆರೆ, ಏಪ್ರಿಲ್ ಬಂದರೆ ಪಂಪಿನ ಫುಟ್‌ವಾಲ್ವ್ ಕೆಸರು ಎಳೆಯುತ್ತಿತ್ತು.

ಹೂಳು ತೆಗೆಯಬೇಕು ಅನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಎಷ್ಟು ತೆಗೆಯಬೇಕು ಅನ್ನುವಲ್ಲಿ ಚರ್ಚೆ. "ಅರ್ಧ ತೆಗೆದು ಅರ್ಧ ಬಿಡದು ಎಂತಕ್ಕೆ ತಮಾ? ಹಿಟಾಚಿ ಬಂದ ಮೇಲೆ ಪೂರಾ ಬೋಳು ಮಾಡ್ಸಿಬಿಡು" ಅಂತ ಅಪ್ಪಯ್ಯ. ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ. ಅದನ್ನು ತರುವುದಕ್ಕೇ ಒಂದು ಖರ್ಚು. ಹಾಗಾಗಿ ಅವನ ಮಾತಿನಲ್ಲಿ ಅರ್ಥವಿತ್ತು. ಕೊನೆಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆಗೆದು, ಮೇಲ್ತುದಿಯ ಜೌಗನ್ನು ಹಾಗೇ ಬಿಟ್ಟೆವು. ಯಾಕೆ ಬಿಟ್ಟೆವು, ತೆಗೆದದ್ದನ್ನು ಹೇಗೆ ತೆಗೆದೆವು ಅನ್ನುವುದು ಇಲ್ಲಿದೆ. ಕೆರೆ ರಿಪೇರಿಗೆ ಹೊರಟವರು ಯಂತ್ರಕ್ಕೆ ಫೋನ್ ಮಾಡುವ ಮೊದಲು ಓದಿದರೆ ಒಳ್ಳೆಯದು.

ಏರಿಯಿಂದ ಬೆಟ್ಟದ ಕಡೆಗೆ

ಬೇಸಿಗೆಯಲ್ಲಿ ನೀರು ಇಳಿದಾಗ ಏರಿಯಿಂದ ಬೆಟ್ಟದ ಕಡೆಗೆ ಒಮ್ಮೆ ನಡೆದು ನೋಡಿ. ಏರಿಯ ಬುಡದಲ್ಲಿ ನೀರು ಆಳ. ಅಲ್ಲಿ ತೇಲುವ ಪಾಚಿ ಬಿಟ್ಟರೆ ಬೇರೆ ಗಿಡ ಇಲ್ಲ. ಸ್ವಲ್ಪ ಮುಂದೆ ನೀರೊಳಗೇ ಬೆಳೆಯುವ ಹೈಡ್ರಿಲ್ಲಾ ಕಾಲಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ನೈದಿಲೆ, ಬೇರು ಕೆಸರಲ್ಲಿ, ಎಲೆ ನೀರ ಮೇಲೆ. ಅದರಾಚೆ ಆಳೆತ್ತರದ ಜೊಂಡು. ಜೊಂಡಿನ ಹಿಂದೆ ಪಾದ ಮುಳುಗುವಷ್ಟೇ ನೀರು, ಅಲ್ಲಿ ಜೇಕು, ಬಜೆ, ಒಂದೆಲಗ. ಮತ್ತೆ ಮುಂಡಿಗೆ. ಮುಂಡಿಗೆಯ ಬೆನ್ನಿಗೇ ಬೆಟ್ಟದ ಮರಗಳು ಶುರು.

ಇದು ಬರೀ ಆಳದ ಸಾಲಲ್ಲ, ಕಾಲದ ಸಾಲೂ ಹೌದು. ಈಗ ಜೇಕು ಇರುವ ಜಾಗದಲ್ಲಿ ಒಂದು ಕಾಲಕ್ಕೆ ನೈದಿಲೆ ಇದ್ದಿರಬೇಕು. ನೀರೊಳಗಿನ ಗಿಡ ಹರಿಯುವ ನೀರನ್ನು ನಿಧಾನ ಮಾಡಿ ಮಣ್ಣು ಹಿಡಿಯುತ್ತದೆ, ಸತ್ತಾಗ ತಾನೂ ತಳಕ್ಕೆ ಸೇರುತ್ತದೆ. ತಳ ಏರುತ್ತದೆ. ಏರಿದ ತಳ ನೈದಿಲೆಗೆ ಅನುಕೂಲ. ನೈದಿಲೆ ಎಲೆ ಹರಡಿ ಬೆಳಕು ಮುಚ್ಚಿದ ಮೇಲೆ ಕೆಳಗಿನ ಹೈಡ್ರಿಲ್ಲಾ ಸೋಲುತ್ತದೆ. ತಳ ಇನ್ನಷ್ಟು ಏರಿದರೆ ಜೊಂಡು ಕಾಲಿಡುತ್ತದೆ. ಜೊಂಡು ವರ್ಷಕ್ಕೆ ಹಾಕುವ ಒಣ ಕಸ ಎಷ್ಟೆಂದರೆ ಅದರ ಬುಡ ತಾನಾಗಿ ನೀರಿಂದ ಮೇಲೆ ಬರುತ್ತದೆ. ಆಗ ಜೇಕು, ಆಮೇಲೆ ಪೊದೆ, ಕೊನೆಗೆ ಮರ. ಪ್ರತಿಯೊಂದೂ ತಾನು ನಿಂತ ನೆಲವನ್ನು ತನಗೇ ಆಗದ ಹಾಗೆ ಮಾಡಿಕೊಂಡು ಮುಂದಿನದಕ್ಕೆ ಬಿಟ್ಟುಕೊಡುತ್ತದೆ. ಪರಿಸರ ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಅನುಕ್ರಮಣ ಅನ್ನುತ್ತಾರೆ. ಸಿಹಿನೀರಿನಲ್ಲಿ ಶುರುವಾಗುವ ಸಾಲಿಗೆ ಹೈಡ್ರೋಸಿಯರ್ ಅಂತ ಹೆಸರು.

ನಾವು ಕೆರೆ ಹಾಳಾಯ್ತು ಅನ್ನುತ್ತೇವೆ. ಕೆರೆ ತನ್ನ ಪಾಡಿಗೆ ತಾನು ಕಾಡಾಗುವ ದಾರಿಯಲ್ಲಿ ಹೋಗುತ್ತಿರುತ್ತದೆ, ಅಷ್ಟೇ. ಹೂಳೆತ್ತುವುದು ಅಂದರೆ ಅದನ್ನು ಕೈಹಿಡಿದು ಹಿಂದಕ್ಕೆ ಕರೆತರುವುದು. ತೋಟಕ್ಕೆ ನೀರು ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಎಷ್ಟು ಹಿಂದಕ್ಕೆ, ಎಲ್ಲೆಲ್ಲಿ ಅನ್ನುವುದನ್ನು ಯಂತ್ರದ ಡ್ರೈವರ್ ತೀರ್ಮಾನ ಮಾಡಬಾರದು.

ಗಳ ಮತ್ತು ಪೈಪು

ಹೂಳಿನ ಆಳ ತಿಳಿಯಲು ದೊಡ್ಡ ಸಾಮಾನು ಬೇಡ. ಉದ್ದನೆಯ ಬಿದಿರು ಗಳಕ್ಕೆ ಅರ್ಧ ಮೀಟರಿಗೊಂದರಂತೆ ಬಟ್ಟೆ ಕಟ್ಟಿದೆವು. ಗಳ ಮೊದಲು ಮೆತ್ತಗೆ ತಾಗುವುದು ಹೂಳಿನ ಮೇಲ್ಮೈ. ಒತ್ತಿದಾಗ ಗಟ್ಟಿಯಾಗಿ ನಿಲ್ಲುವುದು ಹಳೆಯ ತಳ. ಎರಡರ ನಡುವಿನ ಅಂತರವೇ ಹೂಳು. ಏರಿಯ ಹತ್ತಿರ ಒಂದು ಗೇಣು, ಜೊಂಡಿನ ಬುಡದಲ್ಲಿ ಎರಡು ಮೊಳಕ್ಕಿಂತ ಜಾಸ್ತಿ. ಬೆಟ್ಟದ ನೀರು ಬಂದು ಬೀಳುವ ಬಾಯಲ್ಲಿ ಗಳ ಒಳಗೇ ಹೋಗಲಿಲ್ಲ. ಅಲ್ಲಿರುವುದು ಜಲ್ಲಿ, ಮರಳು. ಓಡಿ ಬಂದ ನೀರು ನಿಂತ ಕೂಡಲೇ ಭಾರದ್ದನ್ನು ಮೊದಲು ಇಳಿಸುತ್ತದೆ, ನುಣ್ಣನೆಯದನ್ನು ಒಳಗೆ ಒಯ್ಯುತ್ತದೆ.

ಗಳ ಆಳ ಹೇಳುತ್ತದೆ, ಒಳಗೇನಿದೆ ಅಂತ ಹೇಳುವುದಿಲ್ಲ. ಅದಕ್ಕೆ ಎರಡಿಂಚಿನ ಪಿವಿಸಿ ಪೈಪ್ ತುಂಡು. ಒಂದು ಬಾಯಿಯ ಅಂಚನ್ನು ಅರದಿಂದ ತಿಕ್ಕಿ ಚೂಪು ಮಾಡಿ, ಜೊಂಡಿನ ಅಂಚಿನಲ್ಲಿ ನೇರ ನಿಲ್ಲಿಸಿ, ತಿರುಗಿಸುತ್ತ ಒತ್ತಬೇಕು. ನಿಂತ ಮೇಲೆ ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎಳೆದರೆ ಒಳಗಿನ ಕೆಸರು ಜಾರದೆ ಬರುತ್ತದೆ. ದಂಡೆಯ ಮೇಲೆ ಅಡಿಕೆ ಹಾಳೆ ಹಾಸಿ, ಬಟ್ಟೆ ಸುತ್ತಿದ ಕೋಲಿನಿಂದ ಹಿಂದಿನಿಂದ ನೂಕಿದೆವು. ಒರಳಿಂದ ಶಾವಿಗೆ ಇಳಿದ ಹಾಗೆ ಉದ್ದಕ್ಕೆ ಬಂತು.

ಮೇಲಿನ ಒಂದು ಗೇಣು ಕೆಂಪು. ಬೆರಳಲ್ಲಿ ತಿಕ್ಕಿದರೆ ಚಿರೆಕಲ್ಲಿನ ಪುಡಿ ಚುಚ್ಚುತ್ತದೆ. ಅದರ ಕೆಳಗೆ ಥಟ್ಟನೆ ಕಪ್ಪು. ಬಿಡಿಸಿದರೆ ಎಲೆಯ ನರಗಳು ಇನ್ನೂ ಹಾಗೇ ಇದ್ದವು, ಜೊಂಡಿನ ದಂಟಿನ ಸೀಳು, ಅಡಿಕೆ ಸಿಪ್ಪೆಯ ನಾರು ಕೂಡ. ಕೊಳೆತ ಮೊಟ್ಟೆಯ ವಾಸನೆಗೆ ಆಯಿ ಮೂಗು ಮುಚ್ಚಿಕೊಂಡು ಮನೆಗೆ ಹೋದಳು. ನೀರಿನಡಿಯ ಕೆಸರಿಗೆ ಗಾಳಿ ಸಿಗುವುದಿಲ್ಲ, ಎಲೆ ಪೂರ್ತಿ ಕೊಳೆಯುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಗಂಧಕದ ಅಂಶವನ್ನು ಆ ವಾಸನೆಯ ಅನಿಲ ಮಾಡುತ್ತವೆ. ಕಪ್ಪಿನ ಕೆಳಗೆ ಬೂದು ಬಣ್ಣದ ಜೇಡಿ. ನಮ್ಮ ಮಣ್ಣು ಕೆಂಪಗಿರುವುದು ಕಬ್ಬಿಣದ ತುಕ್ಕಿನಿಂದ. ಗಾಳಿ ಸಿಗದ ಕಡೆ ಆ ಕೆಂಪು ಹೋಗಿ ಬೂದಾಗುತ್ತದೆ. ಆದರೆ ಅದೇ ಜೇಡಿಯಲ್ಲಿ, ದಾರದಷ್ಟು ಸಣ್ಣ ಬೇರು ಹೋದ ದಾರಿಯ ಸುತ್ತ ಮಾತ್ರ ತುಕ್ಕು ಬಣ್ಣದ ಗೆರೆ ಇತ್ತು. ಜೊಂಡು ತನ್ನ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ. ಅದರಲ್ಲಿ ಸ್ವಲ್ಪ ಹೊರಗೆ ಸೋರಿ ಬೇರಿನ ಸುತ್ತಲಿನ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿಸುತ್ತದೆ. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಜೊಂಡು ಕೊಯ್ಯುವಾಗ ಕೆಲಸಕ್ಕೆ ಬರುತ್ತದೆ.

ನನಗೆ ಮುಖ್ಯ ಅನ್ನಿಸಿದ್ದು ಮೇಲಿನ ಕೆಂಪು. ಕಪ್ಪು ಹೂಳು ಕೆರೆಯದೇ ಗಿಡಗಳ ಕೆಲಸ, ನಿಧಾನದ್ದು. ಕೆಂಪು ಹೂಳು ಹೊರಗಿನದು. ಮೇಲೆ ಬೆಟ್ಟದಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಮೇಲೆ ಮಳೆಗಾಲಕ್ಕೊಂದು ಪದರದಂತೆ ಬಂದು ಕೂತದ್ದು. ಗಿಡಗಳೇ ತರುವ ಬದಲಾವಣೆ ಬೇರೆ, ಹೊರಗಿನಿಂದ ಬಂದು ಬೀಳುವುದು ಬೇರೆ, ಎರಡನ್ನೂ ಬಿಡಿಸಿ ನೋಡಬೇಕು ಅಂತ ಬ್ರಿಟನ್ನಿನ ಸಸ್ಯವಿಜ್ಞಾನಿ ಟಾನ್ಸ್ಲಿ ಹೇಳಿದ್ದರು. ಹೂಳೆತ್ತುವವರಿಗೆ ಇದಕ್ಕಿಂತ ಉಪಯೋಗದ ಮಾತಿಲ್ಲ. ಕೆಂಪು ಜಾಸ್ತಿ ಇದ್ದರೆ ಮೊದಲ ಕೆಲಸ ಇರುವುದು ಕೆರೆಯೊಳಗಲ್ಲ, ಕೆರೆಯ ಮೇಲೆ.

ಮೇಲ್ತುದಿಯನ್ನು ಯಾಕೆ ಬಿಟ್ಟೆವು

ಅನುಕ್ರಮಣದ ಬಗ್ಗೆ 1916ರಲ್ಲಿ ದೊಡ್ಡ ಪುಸ್ತಕ ಬರೆದ ಅಮೆರಿಕದ ಕ್ಲೆಮೆಂಟ್ಸ್ ಪ್ರಕಾರ ಸಾಲು ನಿಶ್ಚಿತ. ಒಂದು ಸೀಮೆಯ ಹವೆಗೆ ತಕ್ಕ ಒಂದೇ ಕಾಡಿನಲ್ಲಿ ಅದು ಮುಗಿಯುತ್ತದೆ. 1926ರಲ್ಲಿ ಅದೇ ದೇಶದ ಸಸ್ಯವಿಜ್ಞಾನಿ ಗ್ಲೀಸನ್ ಒಪ್ಪಲಿಲ್ಲ. ಪ್ರತಿ ಗಿಡ ತನ್ನ ಪಾಡಿಗೆ ತಾನು ಬರುತ್ತದೆ, ಬೀಜ ಸಿಕ್ಕಿತೋ ಜಾಗ ಒಗ್ಗಿತೋ ಅಷ್ಟೇ ಅಂದ. ಆಮೇಲೆ 1970ರಲ್ಲಿ ವಾಕರ್ ಎನ್ನುವವನು ಬ್ರಿಟನ್ನಿನ ಹಳೆಯ ಕೆರೆ ಜೌಗುಗಳ ಕೆಸರಿನ ಪದರಗಳನ್ನು ಓದಿದ. ನಾವು ಪಿವಿಸಿಯಲ್ಲಿ ಮಾಡಿದ್ದರ ದೊಡ್ಡ ರೂಪ. ಸಾಲು ಒಂದೊಂದು ಕಡೆ ಒಂದೊಂದು ತರ ಇತ್ತು, ಓಕ್ ಮರದ ಕಾಡಿಗೆ ಹೋಗಿ ಮುಟ್ಟುವ ಬದಲು ಬಹಳ ಕಡೆ ಸ್ಫ್ಯಾಗ್ನಮ್ ಎನ್ನುವ ಹಾವಸೆಯ ಜೌಗಿನಲ್ಲೇ ನಿಂತಿತ್ತು. ನಮ್ಮ ಕೆರೆ ನೋಡಿದರೆ ನಾನು ಕ್ಲೆಮೆಂಟ್ಸ್ ಪಕ್ಷ ಅಲ್ಲ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಇದೆ, ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆಚ್ಚುಕಡಿಮೆ ಎಲ್ಲ ಮಳೆ ಸುರಿದು ಮುಗಿಯುತ್ತದೆ. ಮೇ ಹೊತ್ತಿಗೆ ಕೆರೆಯ ಅಂಚು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗಾಳಿ ಹೋಗಿ ಕೂಡಿಟ್ಟ ಎಲೆ ಕೊಳೆತು ಕರಗುತ್ತದೆ. ಅಂದರೆ ನಮ್ಮ ಕೆರೆಯ ಅಂಚು ವರ್ಷಕ್ಕೊಮ್ಮೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಆದರೆ ಮೇಲ್ತುದಿಯಲ್ಲಿ ಒರತೆ ಇದೆ. ಅಲ್ಲಿ ಮೇ ತಿಂಗಳಲ್ಲೂ ಕಾಲಿಟ್ಟರೆ ಹೂತುಹೋಗುತ್ತದೆ. ಇಂಥ ಕಡೆ ಸಾಲು ಒಣ ಕಾಡಿನ ಕಡೆ ಹೋಗುವುದಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋದವರಿಗೆ ಗೊತ್ತಿರುತ್ತದೆ. ಅಲ್ಲಿ ರಾಮಪತ್ರೆಯ ಬಳಗದ ಮರಗಳು ನೀರು ಹರಿಯುವ ಜೌಗಿನಲ್ಲೇ ನಿಂತಿವೆ, ಉಸಿರಾಟಕ್ಕೆ ಬೇರನ್ನು ಮೊಣಕಾಲಿನಂತೆ ಮಡಚಿ ಮೇಲೆ ತಂದಿವೆ. ಭಾರತದ ಈ ಜೌಗು ಕಾಡುಗಳ ಬಗ್ಗೆ 1960ರಲ್ಲಿ ಕೃಷ್ಣಮೂರ್ತಿ ಎನ್ನುವ ಅರಣ್ಯ ತಜ್ಞರು ತಿರುವಾಂಕೂರಿನ ಕಡೆಯದ್ದನ್ನು ನೋಡಿ ಬರೆದಿದ್ದರು. ಘಟ್ಟದಲ್ಲಿ ಇಂಥ ಎಷ್ಟೋ ಕಣಿವೆಗಳು ಅಡಿಕೆ ತೋಟ, ಗದ್ದೆ ಆಗಿಹೋಗಿವೆ. ನಮ್ಮ ತೋಟಕ್ಕೆ ಬಸಿಗಾಲುವೆ ಇಷ್ಟು ಯಾಕೆ ಬೇಕು ಅಂತ ಯೋಚಿಸಿದರೆ, ಇದೂ ಅಂಥದ್ದೇ ಜಾಗ ಇದ್ದೀತು.

ಅಪ್ಪಯ್ಯನನ್ನು ಒಪ್ಪಿಸಿದ್ದು ಇದ್ಯಾವುದೂ ಅಲ್ಲ. ಸೋಂದೆಯ ಮುಂಡಿಗೆಕೆರೆ. ಅಲ್ಲಿ ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅವನು ಚಿಕ್ಕವನಿದ್ದಾಗಿಂದ ನೋಡಿದ ಜಾಗ. "ಆ ಮುಂಡಿಗೆ ಕಿತ್ತಿದ್ರೆ ಹಕ್ಕಿ ಎಲ್ಲಿ ಕೂರ್ತಿತ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಕವಳ ಜಗಿದು, "ಒರತೆ ಬದಿ ಬಿಡು ಹಂಗಾರೆ" ಅಂದ.

ಕೆಲಸ

ಮೊದಲು ಹೂಳುಗುಂಡಿ. ಬೆಟ್ಟದ ನೀರು ಕೆರೆಗೆ ಬೀಳುವ ಬಾಯಿಗಿಂತ ಮೇಲೆ, ಎರಡಾಳು ಉದ್ದ, ಒಂದಾಳು ಅಗಲದ ಗುಂಡಿ. ಅದರ ಕೆಳ ಅಂಚಿಗೆ ಚಿರೆಕಲ್ಲಿನ ಗಿಡ್ಡ ಕಟ್ಟೆ, ಗಾರೆ ಹಾಕದೆ, ಸಂದಿಯಲ್ಲಿ ನೀರು ಸೋರುವ ಹಾಗೆ. ನೀರು ಅಲ್ಲಿ ಒಮ್ಮೆ ನಿಂತು ಮುಂದೆ ಹೋಗಲಿ ಅಂತ. ಜಲ್ಲಿ, ಮರಳು ಇಲ್ಲೇ ಉಳಿಯುತ್ತದೆ. ನುಣ್ಣನೆಯ ಕೆಂಪು ಪೂರ್ತಿ ನಿಲ್ಲುವುದಿಲ್ಲ, ಅದಕ್ಕೆ ಗುಂಡಿಯ ಆಚೆ ಜೇಕು, ಬಜೆ ಇರುವ ಜೌಗೇ ಸೋಸುವ ಜಾಗ. ಜೌಗು ಬಿಡಲು ಇದೂ ಒಂದು ಕಾರಣ. ಬೋಳು ಮಾಡಿದ್ದರೆ ಅಷ್ಟೂ ನೇರ ಪಂಪಿನ ಹತ್ತಿರ ಬರುತ್ತಿತ್ತು.

ಏಪ್ರಿಲ್ ಕೊನೆಗೆ ತೂಬು ತೆಗೆದು ನೀರು ಇಳಿಸಿದೆವು. ಕೆಸರಿನಲ್ಲಿ ಮುರುಗೋಡು ಮೀನು ಬಹಳ ಇತ್ತು. ಒಂದಿಷ್ಟನ್ನು ಡ್ರಮ್ಮಿಗೆ ಹಾಕಿಟ್ಟು ಆಮೇಲೆ ವಾಪಸ್ ಬಿಟ್ಟೆವು. ಉಳಿದ ಮೀನಿನ ಲೆಕ್ಕ ಕೆಲಸಕ್ಕೆ ಬಂದವರು ನೋಡಿಕೊಂಡರು, ನಾವು ಕೇಳಲಿಲ್ಲ.

ಹಿಟಾಚಿ ಡ್ರೈವರ್ ಹಾನಗಲ್ ಕಡೆಯವನು. ಕೈ ಚುರುಕು. ಬಯಲುಸೀಮೆಯ ಕೆರೆ ತೋಡಿ ಅಭ್ಯಾಸ. ಬೂದು ಜೇಡಿ ಕಂಡ ಕೂಡಲೇ ನಿಲ್ಲಿಸು ಅಂತ ಹೇಳಿದ್ದೆ. "ಹೆಗಡೇರ, ಗಟ್ಟಿ ತಳ ಇನ್ನೂ ಸಿಕ್ಕಿಲ್ರಿ, ಇನ್ನೊಂದ್ ನಾಕ್ ಬಕೆಟ್ ಹೊಡೀತೀನಿ" ಅಂದ. ಅಲ್ಲೇ ಅಪಾಯ ಇರುವುದು. ನಮ್ಮಲ್ಲಿ ಜೇಡಿಯ ಕೆಳಗೆ ಇರುವುದು ಜಂಬಿಟ್ಟಿಗೆ, ತೂತು ತೂತು ಕಲ್ಲು. ಜೇಡಿ ಪದರ ಒಡೆದರೆ ಕೆರೆ ಎಷ್ಟು ಆಳ ಆದರೂ ನೀರು ನಿಲ್ಲುವುದಿಲ್ಲ. ಹಾಗಾಗಿ ಯಂತ್ರದ ಜೊತೆಗೇ ಒಬ್ಬರು ನಿಂತು ಬಕೆಟ್‌ನಲ್ಲಿ ಬಂದ ಮಣ್ಣು ನೋಡುತ್ತಿರಬೇಕು. ಕಪ್ಪು ಬರುತ್ತಿರುವಷ್ಟು ಹೊತ್ತು ತೆಗೆ, ಬೂದು ಬಂದರೆ ಬಿಡು. ಏರಿಯ ಬುಡಕ್ಕೂ ಬಕೆಟ್ ತಾಗಿಸಬಾರದು. ಬುಡ ಸಡಿಲವಾದ ಏರಿ ಮಳೆಗಾಲದಲ್ಲಿ ಒಳಗೆ ಕುಸಿಯುತ್ತದೆ. ಐದಾರು ಅಡಿ ಬಿಟ್ಟು ತೋಡಿಸಿದೆವು.

ಆಳದ ಲೆಕ್ಕ ಕೋಡಿಯ ಮಟ್ಟದಿಂದ. ನಡುವೆ ಮೂರು ಮೀಟರ್ ಹತ್ತಿರ ಬಂತು. ಬೇಸಿಗೆಯಲ್ಲಿ ನೀರು ಇಳಿದರೂ ಅಲ್ಲಿ ಒಂದೂವರೆ ಮೀಟರ್ ಉಳಿಯಬೇಕು ಅಂತ. ಅಷ್ಟು ಆಳಕ್ಕೆ ಜೊಂಡು ಸುಲಭಕ್ಕೆ ಇಳಿಯುವುದಿಲ್ಲ. ಅಲ್ಲಿಂದ ಜೌಗಿನ ಕಡೆಗೆ ನೇರ ಗೋಡೆ ಬೇಡ, ಮೂರಕ್ಕೆ ಒಂದರಂತೆ ಇಳಿಜಾರು, ನಡುವೆ ಮೊಣಕಾಲು ಮುಳುಗುವಷ್ಟು ಆಳದ ಒಂದು ಅಗಲ ಮೆಟ್ಟಿಲು. ಆ ಮೆಟ್ಟಿಲು ನೈದಿಲೆಗೆ, ಕಪ್ಪೆಗೆ. ಬಿದ್ದ ದನ ಮೇಲೆ ಬರಲೂ ಬೇಕಲ್ವಾ?

ತೆಗೆದ ಮಣ್ಣಿನಲ್ಲಿ ಕೆಂಪನ್ನು ತೋಟದ ದಾರಿಯ ಹೊಂಡಕ್ಕೆ ಹಾಕಿದೆವು. ಕಪ್ಪನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಹಾಕಲಿಲ್ಲ. ರಾಶಿ ಹಾಕಿ ಗಾಳಿಯಾಡಲು ಬಿಟ್ಟು, ವಾಸನೆ ಹೋದ ಮೇಲೆ ಹರಡಿದ್ದು.

ಜೊಂಡು

ಕೆರೆ ಕೆಲಸದಲ್ಲಿ ಎಲ್ಲರೂ ಸೋಲುವುದು ಜೊಂಡಿನ ಹತ್ತಿರ. ಕಿತ್ತರೆ ಗಡ್ಡೆಯ ತುಂಡು ಉಳಿದು ಮತ್ತೆ ಚಿಗುರುತ್ತದೆ. ಸುಟ್ಟರೆ ಇನ್ನೂ ಖುಷಿ ಅದಕ್ಕೆ. ಒಂದು ಎಲೆ ಕೊಯ್ದು ಅಡ್ಡ ಕತ್ತರಿಸಿ ನೋಡಿ. ಒಳಗೆಲ್ಲ ಖಾಲಿ ಕೋಣೆಗಳು, ನಡುವೆ ತೆಳುವಾದ ಅಡ್ಡ ಪರದೆ. ಒತ್ತಿದರೆ ಸ್ಪಂಜು. ಎಲೆಯಿಂದ ಗಡ್ಡೆಗೆ ಗಾಳಿ ಇಳಿಯುವ ದಾರಿ ಇದೇ. ಒಣಗಿ ನಿಂತ ಹಳೆಯ ದಂಟು ಕೂಡ ನೀರಿಂದ ಮೇಲೆ ತಲೆ ಎತ್ತಿದ್ದರೆ ಗಾಳಿ ಕೊಡುತ್ತಲೇ ಇರುತ್ತದೆ.

ಆ ದಾರಿ ನೀರಿನಡಿ ಸೇರಿದರೆ ಗಡ್ಡೆ ಉಸಿರುಗಟ್ಟಿ ಸಾಯುತ್ತದೆ. ಬೆನ್ನು ಬಗ್ಗಿಸಿ ನೀರೊಳಗೆ ಕತ್ತಿ ಆಡಿಸುವ ಬದಲು, ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ನೆಲಮಟ್ಟಕ್ಕೆ ಕೊಯ್ದೆವು. ಹಸಿಯದ್ದು, ಒಣಗಿದ್ದು ಎರಡನ್ನೂ. ಆಮೇಲೆ ಏರಿದ ನೀರೇ ಉಳಿದ ಕೆಲಸ ಮಾಡಿತು. ಜೌಗಿನ ಅಂಚಿನಲ್ಲಿ ಒಂದು ಪಟ್ಟಿ ಮಾತ್ರ ಉಳಿಸಿದ್ದೇವೆ, ಹುಂಡುಕೋಳಿಗಳು ಅದರೊಳಗೇ ಇರುವುದರಿಂದ.

ಏರಿ, ಕೋಡಿ ಕೆಲಸ ಎಲ್ಲರಿಗೂ ಗೊತ್ತಿದ್ದದ್ದೇ. ಏಡಿ ಬಿಲಗಳನ್ನು ಕೊನೆಯವರೆಗೂ ಅಗೆದು ಕಲಸಿದ ಜೇಡಿ ತುಂಬಿ ಗುದ್ದಿದೆವು. ಸುಮ್ನೆ ಬಾಯಿ ಮುಚ್ಚಿದರೆ ಪ್ರಯೋಜನವಿಲ್ಲ. ಏರಿಯ ಮೇಲೆ ಎದ್ದಿದ್ದ ಮರದ ಸಸಿ ಕಿತ್ತು ಲಾವಂಚ ನೆಟ್ಟೆವು. ದೊಡ್ಡ ಮರ ಸತ್ತರೆ ಬೇರು ಕೊಳೆತ ಕೊಳವೆಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಕೋಡಿಯನ್ನು ಒಂದು ಗೇಣು ಎತ್ತರಿಸುವ ಮಾತು ಬಂದಿತ್ತು. ಎತ್ತರಿಸಲಿಲ್ಲ. ಕೋಡಿ ಏರಿದಷ್ಟು ಏರಿಯ ತಲೆ ನೀರಿಗೆ ಹತ್ತಿರ ಆಗುತ್ತದೆ, ಜುಲೈ ಮಳೆಗೆ ಅದು ತಾಳಬೇಕು.

ಮಳೆ ಬಂದ ಮೇಲೆ

ಮೊದಲು ನೀರು ಕೆಂಪಗಿತ್ತು, ತಿಳಿಯಾದ ಮೇಲೆ ಹಸಿರಾಯಿತು. ಕಣ್ಣಿಗೆ ಕಾಣದ ಪಾಚಿ ಅದು, ಎಲ್ಲಕ್ಕಿಂತ ಮೊದಲು ಬರುವವರು ಅವೇ. ಸೊಳ್ಳೆ ಹುಳ ಕಂಡು ಗಪ್ಪಿ ಮೀನು ಬಿಡುವ ಸಲಹೆ ಬಂತು. ಬಿಡಲಿಲ್ಲ. ಏರೋಪ್ಲೇನ್ ಚಿಟ್ಟೆಗಳು ಹಾರಿಬಂದು ಮೊಟ್ಟೆ ಇಟ್ಟವು, ನೀರೊಳಗಿನ ಅವುಗಳ ಮರಿ ಸೊಳ್ಳೆ ಹುಳ ತಿಂದೇ ಬೆಳೆಯುವುದು. ಹೈಡ್ರಿಲ್ಲಾ ಯಾರೂ ನೆಡದೆ ಬಂತು, ಒಂದು ತುಂಡು ಉಳಿದಿದ್ದರೆ ಅದಕ್ಕೆ ಸಾಕು. ಮಳೆ ಇಳಿದ ಮೇಲೆ ಮೆಟ್ಟಿಲಿನ ಹತ್ತಿರ ನೀರಿನ ಮೇಲೆ ಸಣ್ಣ ಹಳದಿ ಹೂ. ಎಳೆದು ನೋಡಿದರೆ ಬೇರೇ ಇಲ್ಲದ ಗಿಡ, ಎಳೆಗಳ ತುಂಬ ಸಾಸಿವೆಗಿಂತ ಸಣ್ಣ ಚೀಲಗಳು. ಯುಟ್ರಿಕ್ಯುಲೇರಿಯಾ. ಆ ಚೀಲ ನೀರಿನ ಸಣ್ಣ ಜೀವಿಗಳನ್ನು ಒಳಗೆಳೆದು ಜೀರ್ಣಿಸಿಕೊಳ್ಳುತ್ತದೆ. ಪುಸ್ತಕದ ಸಾಲಿನಲ್ಲಿ ಅದು ನೈದಿಲೆಗಿಂತ ಮೊದಲು, ನಮ್ಮಲ್ಲಿ ಎರಡೂ ಒಟ್ಟಿಗೆ ಬಂದವು.

ತಲೆನೋವು ಬಂದದ್ದು ಬೋಳು ಇಳಿಜಾರಿನಲ್ಲಿ. ಜೊಂಡಿನ ಬೀಜ ಹತ್ತಿಯ ಎಳೆಯಲ್ಲಿ ಹಾರುತ್ತದೆ, ಅದಕ್ಕೆ ಬೇಕಾದದ್ದು ಬಿಸಿಲು ಬಿದ್ದ ಹಸಿ ಕೆಸರು. ನೀರು ಇಳಿಯುತ್ತ ಹೋದ ಹಾಗೆ ಅದೇ ಸಿಗುತ್ತದೆ. ಡಿಸೆಂಬರ್ ಹೊತ್ತಿಗೆ ಇಳಿಜಾರಿನ ಮೇಲೆಲ್ಲ ಹಸಿರು ಕೂದಲಿನಷ್ಟು ಸಣ್ಣ ಸಸಿಗಳು. ಈ ವಯಸ್ಸಿನಲ್ಲಿ ಗಡ್ಡೆ ಇರುವುದಿಲ್ಲ, ಎರಡು ಬೆರಳಲ್ಲಿ ಬರುತ್ತದೆ. ಕಿತ್ತ ಜಾಗಕ್ಕೆ ಜೌಗಿನಿಂದ ಬಜೆ, ಒಂದೆಲಗ ತಂದು ಒತ್ತಾಗಿ ನೆಟ್ಟೆವು. ಒಂದೆಲಗ ಹಬ್ಬಿದೆ, ಆಯಿ ತಂಬುಳಿಗೆ ಅಲ್ಲಿಂದಲೇ ಕೊಯ್ಯುತ್ತಾಳೆ. ಬಜೆ ಅರ್ಧದಷ್ಟು ಮಾತ್ರ ಹಿಡಿದಿದೆ.

ಪಂಪು ಏಪ್ರಿಲ್‌ನಲ್ಲಿ ಕೆಸರು ಎಳೆಯಲಿಲ್ಲ.

ಹೂಳುಗುಂಡಿ ಒಂದೇ ಮಳೆಗಾಲಕ್ಕೆ ಕಂಠದವರೆಗೆ ತುಂಬಿದೆ, ಮುಕ್ಕಾಲು ಪಾಲು ಕೆಂಪು. ಅದನ್ನು ಬರಿದು ಮಾಡುವುದು ಅಡಿಕೆ ಕೊಯ್ಲು ಮುಗಿದ ಮೇಲಿನ ಮೊದಲ ಕೆಲಸ. ಗುಂಡಿ ದೊಡ್ಡದು ಮಾಡುವುದಕ್ಕಿಂತ ಮೇಲಿನ ಕೊರಕಲಿಗೆ ಅಡ್ಡಡ್ಡ ಕಾಡುಗಲ್ಲಿನ ತಡೆ ಹಾಕುವುದು ಒಳ್ಳೆಯದು ಅಂತ ನನ್ನ ಲೆಕ್ಕ. ಆದರೆ ಆ ಕೊರಕಲು ಇರುವುದು ಪಕ್ಕದವರ ಬೆಟ್ಟದಲ್ಲಿ. ಅವರ ಹತ್ತಿರ ಮಾತಾಡುವುದು ಅಪ್ಪಯ್ಯನ ಪಾಲಿಗೆ, ಕಲ್ಲು ಹೊರುವುದು ನ‌ನ್ನ ಪಾಲಿಗೆ ಬಂದಿದೆ.